ಹುಲ್ಲಿನಮ್ಮನ ಮೆದೆ

ಬಾಲ್ಯದ ಮನೆ ಎಂದರೆ ನನಗೆ ಎರಡು. ಒಂದು, ಮಂಡ್ಯದ ಕಡೆ ನಾನು ಹುಟ್ಟಿದ ಮನೆ. ಇನ್ನೊಂದು, ಕ್ಯಾಲಿಫೋರ್ನಿಯಾದ ಲಿವರ್‌ಮೋರಿನಲ್ಲಿ ನನ್ನ ಮೊಮ್ಮಗಳು ವೀಣಾ ಬೆಳೆದ ಮನೆ. ಎರಡನೆಯದಕ್ಕೆ ನಾನು ತಲೆ ನರೆತ ಮೇಲೆ ಕಾಲಿಟ್ಟವಳು. ಆದರೂ ಅಲ್ಲಿದ್ದ ಐದು ವರ್ಷದಲ್ಲಿ ಮೊಮ್ಮಗಳ ಜೊತೆಗೆ ನಾನೂ ಒಂದಿಷ್ಟು ಬೆಳೆದೆ ಅನ್ನಿಸುವುದರಿಂದ ಅದನ್ನೂ ಸೇರಿಸಿಕೊಂಡಿದ್ದೇನೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ವೀಣಾ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಇಂಗ್ಲೆಂಡಿನ ಒಬ್ಬ ಹಳ್ಳಿ ಹೆಂಗಸು ಬರೆದ ಕಾದಂಬರಿಗಳ ಮೇಲೆ, ಆ ಹೆಂಗಸಿನ ಬದುಕಿನ ಮೇಲೆ ಅವಳು ಬರೆದ ದಪ್ಪ ಪುಸ್ತಕ ಮೊನ್ನೆ ಪೋಸ್ಟಿನಲ್ಲಿ ಬಂತು. ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದೇನೆ. ಅದರ ಒಂದು ಸಾಲೂ ನನಗೆ ಓದಲು ಬರುವುದಿಲ್ಲ. ಆದರೆ ಅದು ಯಾವ ಹಿತ್ತಿಲಲ್ಲಿ, ಯಾವ ಶನಿವಾರ, ಎಷ್ಟು ಒದ್ದೆ ಹುಲ್ಲಿನಲ್ಲಿ ಮೊಳೆಯಿತು ಅನ್ನುವುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಆ ಮನೆಗೆ ಮುಂಬಾಗಿಲು ಇತ್ತು, ಆದರೆ ಯಾರೂ ಅದರಲ್ಲಿ ಬರುತ್ತಿರಲಿಲ್ಲ. ಎಲ್ಲರೂ ಕಾರಿನ ಜೊತೆಗೆ ಗ್ಯಾರೇಜಿನಿಂದಲೇ ಒಳಕ್ಕೆ. ನಡುಮನೆಯಲ್ಲಿ ಇಟ್ಟಿಗೆಯ ಬೆಂಕಿಗೂಡು, ಅದರ ಪಕ್ಕದಲ್ಲಿ ಸೌದೆ ಕೆದಕುವ ಒಂದು ಉದ್ದನೆಯ ಕಬ್ಬಿಣದ ಸರಳು. ಬೆಂಕಿ ಹಾಕಿದ್ದನ್ನು ನಾನು ಒಂದು ದಿನವೂ ಕಾಣೆ, ಸರಳನ್ನು ಮಾತ್ರ ಪ್ರತಿ ವಾರ ಒರೆಸುತ್ತಿದ್ದೆ. ದೇವರು ಇದ್ದದ್ದು ಓಣಿಯಂಥ ಜಾಗದ ಕ್ಲಾಸೆಟ್ಟಿನಲ್ಲಿ. ಮೇಲಿನ ಎರಡು ಹಲಗೆಯಲ್ಲಿ ದೇವರು, ಕೆಳಗಿನ ಮೂರರಲ್ಲಿ ಟವೆಲ್ಲು. ಪೂಜೆ ಮುಗಿದ ಮೇಲೆ ಬಾಗಿಲು ಮುಚ್ಚಬೇಕು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಸೂರಿನಲ್ಲಿದ್ದ ಹೊಗೆಯ ಅಲಾರಾಂ ಕಿರುಚಿಕೊಳ್ಳುತ್ತಿತ್ತು. ಅಳಿಯ ರಂಗನಾಥ್ ಎಲ್ಲಿದ್ದರೂ ಓಡಿಬಂದು ನ್ಯೂಸ್‌ಪೇಪರಿನಲ್ಲಿ ಅದಕ್ಕೆ ಗಾಳಿ ಬೀಸುತ್ತಿದ್ದರು. ಬೀಸುತ್ತ, ‘ಅತ್ತೆ, ಇವತ್ತು ಸಾಸಿವೆ ಜಾಸ್ತಿ ಅಂತ ಇದಕ್ಕೂ ಗೊತ್ತಾಯ್ತು’ ಅನ್ನುತ್ತಿದ್ದರು. ಅವರ ಆಫೀಸು ಮೆನ್ಲೋ ಪಾರ್ಕಿನಲ್ಲಿ. ಸೇತುವೆ ದಾಟಿ ಹೋಗಬೇಕು, ಬರುವುದರಲ್ಲಿ ಸಾರು ಆರಿರುತ್ತಿತ್ತು. ಮಗಳು ಸುಮಿತ್ರ ಆಸ್ಪತ್ರೆಯ ಡಾಕ್ಟರು, ಅವಳ ಊಟಕ್ಕೂ ನಿದ್ದೆಗೂ ಹೊತ್ತೇ ಇಲ್ಲ. ಹೀಗಾಗಿ ಆ ಮನೆಯಲ್ಲಿ ಹಗಲೆಲ್ಲ ನಾನು, ಮಧ್ಯಾಹ್ನದ ಮೇಲೆ ನಾನು ಮತ್ತು ವೀಣಾ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಿತ್ತಿಲು, ಬೇಲಿ, ಬೇಲಿಯಾಚೆ ಒಣಹುಲ್ಲಿನ ಬೋಳುಗುಡ್ಡ, ಗುಡ್ಡದ ಮೇಲೆ ಇರುವೆಯ ಹಾಗೆ ಕಾಣುವ ದನಗಳು. ಊರಿನಾಚೆ ದೇವಸ್ಥಾನವನ್ನು ಆಗ ಇನ್ನೂ ಕಟ್ಟುತ್ತಿದ್ದರು, ಹೋಗಿ ಕೂರುವಂತಿರಲಿಲ್ಲ. ಆ ದನಗಳನ್ನು ನೋಡಿಕೊಂಡೇ ನಾನು ಅಲ್ಲಿ ಕಾಲ ಹಾಕಿದೆ.

ವೀಣಾಳಿಗೆ ಆಗ ಹದಿನಾಲ್ಕು. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ನನಗೂ ಅವಳ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಸ್ಕೂಲು ನಾಲ್ಕು ಬೀದಿ ಆಚೆ. ದಿನಾ ಮೂರು ಗಂಟೆಗೆ ಕರೆತರಲು ಹೋಗುತ್ತಿದ್ದೆ. ಸೀರೆಯ ಮೇಲೆ ಅಳಿಯನ ಹಳೇ ಸ್ವೆಟರು, ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ಕೊಡೆ. ಹೈಸ್ಕೂಲಿಗೆ ಸೇರಿದ ಮೊದಲ ವಾರವೇ ಅವಳು ಹೇಳಿದಳು:

‘ಅಜ್ಜಿ, ಗೇಟ್ ಹತ್ರ ಬೇಡ. ಆ ಬ್ಲೂ ಮೇಲ್‌ಬಾಕ್ಸ್ ಇದೆಯಲ್ಲ, ಅಲ್ಲಿ ನಿಂತ್ಕೋ. ಓಕೆ?’

‘ಯಾಕವ್ವ, ಗೇಟಿಗೆ ಬಣ್ಣ ಬಳದವ್ರಾ?’

‘ಇಲ್ಲ. ಜಸ್ಟ್.’

ಆ ‘ಜಸ್ಟ್’ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರನೆಯ ದಿನದಿಂದ ಒಂದು ಬೀದಿ ಹಿಂದೆ, ಆ ನೀಲಿ ಪೋಸ್ಟ್ ಡಬ್ಬದ ಪಕ್ಕದಲ್ಲಿ ನಿಲ್ಲತೊಡಗಿದೆ. ಅವಳು ಗೆಳತಿಯರನ್ನೆಲ್ಲ ಕಳಿಸಿ, ಒಬ್ಬಳೇ ಆಗಿ, ಆಮೇಲೆ ನನ್ನ ಹತ್ತಿರ ಬರುತ್ತಿದ್ದಳು. ಬಂದವಳು ಮಾತ್ರ ನನ್ನ ಕೈಯ ಕೊಡೆಯನ್ನು ತಾನೇ ಇಸಿದುಕೊಳ್ಳುತ್ತಿದ್ದಳು. ಕೆಟ್ಟ ಹುಡುಗಿ ಅಲ್ಲ.

ಆ ವರ್ಷ ಅವಳ ಕ್ಲಾಸಿಗೆ ಆ ಇಂಗ್ಲೆಂಡಿನ ಹೆಂಗಸಿನ ಕಾದಂಬರಿ ಬಂತು. ಅವಳ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಯಾವ ಅಧ್ಯಾಯ ತೆಗೆದರೂ ಹುಲ್ಲು ಕೊಯ್ಯುವುದು, ಹುಲ್ಲು ಒಣಗಿಸುವುದು, ಹುಲ್ಲು ಒಟ್ಟುವುದು. ಅದಕ್ಕೇ ನಾನು ಅವಳಿಗೆ ಹುಲ್ಲಿನಮ್ಮ ಎಂದು ಹೆಸರಿಟ್ಟೆ. ವೀಣಾಳ ಬಾಯಲ್ಲೂ ಅದೇ ನಿಂತಿತು. ನಾನು ಬೀನ್ಸ್ ಬಿಡಿಸುತ್ತ ಕೂತರೆ ಅವಳು ಎದುರಿಗೆ ಕೂತು ಹುಲ್ಲಿನಮ್ಮನ ಕಥೆ ಹೇಳುತ್ತಿದ್ದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷು, ನಡುವೆ ಕೈಸನ್ನೆ. ಹುಲ್ಲಿನಮ್ಮನ ಅಪ್ಪ ಬೇರೆಯವರ ಕುರಿ ಕಾಯುತ್ತಿದ್ದವನು. ಹತ್ತು ವರ್ಷಕ್ಕೇ ಅವಳ ಓದು ನಿಂತಿತು. ಬೆಣ್ಣೆ ಕಡೆದು, ಹಾಲಿನ ಪಾತ್ರೆ ತೊಳೆದಿಟ್ಟು, ಆ ಪಾತ್ರೆಯ ಮೇಜಿನ ಮುಂದೆಯೇ ಕೂತು ಕಾದಂಬರಿ ಬರೆದಳು. ಮೊದಲ ಪುಸ್ತಕ ಹೆಸರಿಲ್ಲದೆ ಅಚ್ಚಾಯಿತು. ಪಟ್ಟಣದವರು ಇದರಲ್ಲಿ ಸಗಣಿ ವಾಸನೆ ಹೊಡೆಯುತ್ತದೆ ಎಂದು ನಕ್ಕರು. ಅವಳು ಉತ್ತರ ಕೊಡಲಿಲ್ಲ, ಇನ್ನೊಂದು ಬರೆದಳು. ಹುಟ್ಟಿದ ಊರು ಬಿಟ್ಟು ಎಲ್ಲಿಗೂ ಹೋಗದೆ ಅಲ್ಲೇ ತೀರಿಕೊಂಡಳು. ಇಷ್ಟು ಕೇಳಿದ ಮೇಲೆ ನಾನು, ‘ಹಂಗಾದ್ರೆ ನಮ್ಮೋಳೇ ಬುಡು’ ಅಂದೆ. ವೀಣಾ ನಕ್ಕಳು.

ಕಾದಂಬರಿಯಲ್ಲಿ ಹ್ಯಾನಾ ಎಂಬ ಹಾಲು ಕರೆಯುವ ಹುಡುಗಿ. ನನ್ನ ಬಾಯಲ್ಲಿ ಅವಳು ಹೊನ್ನಮ್ಮ ಆದಳು. ಅವಳು ಕೆಲಸಕ್ಕಿದ್ದ ಮನೆಯ ಗೌಡ ಎಲ್ಲರೆದುರು ಅವಳನ್ನು ಬೈದು ಕೆಲಸ ಬಿಡಿಸುತ್ತಾನೆ. ಅವಳೂ ಬಿಡುವುದಿಲ್ಲ, ನಿನ್ನ ಈ ಮೆದೆ ನಿನಗೆ ದಕ್ಕುವುದಿಲ್ಲ ಎಂದುಬಿಡುತ್ತಾಳೆ. ಎರಡು ವಾರ ಕಳೆದು, ಬೆಳಕು ಹರಿಯುವ ಹೊತ್ತಿಗೆ ಒಬ್ಬ ಕುರುಬ ನೋಡುತ್ತಾನೆ: ಹೊನ್ನಮ್ಮ ಒಬ್ಬಳೇ ಕವೆಗೋಲು ಹಿಡಿದು ಮೆದೆಯಿಂದ ಹುಲ್ಲು ಕಿತ್ತು ಕಿತ್ತು ಎಳೆಯುತ್ತಿದ್ದಾಳೆ. ಅವನು ಊರು ಮುಟ್ಟುವುದರೊಳಗೆ ಮೆದೆ ಧಗಧಗ ಉರಿದುಹೋಗುತ್ತದೆ. ಊರು ಅವಳನ್ನು ಓಡಿಸುತ್ತದೆ. ಬೆಂಕಿ ಹಾಕಿದ್ದು ಅವಳೋ ಅಲ್ಲವೋ ಎಂದು ಹುಲ್ಲಿನಮ್ಮ ಎಲ್ಲಿಯೂ ಹೇಳುವುದಿಲ್ಲ. ಅದಕ್ಕೆ ಟೀಚರು ಕ್ಲಾಸಿನಲ್ಲೇ ಒಂದು ಕೋರ್ಟು ಮಾಡಿಸಿ ಹೊನ್ನಮ್ಮನ ವಿಚಾರಣೆ ಇಟ್ಟರು. ಚೀಟಿ ಎತ್ತಿದಾಗ ವೀಣಾಳಿಗೆ ಹೊನ್ನಮ್ಮನ ವಕೀಲಿ ಬಂತು. ಅವಳು ಮುಖ ಊದಿಸಿಕೊಂಡು ಮನೆಗೆ ಬಂದಳು.

‘ಐ’ಮ್ ಗೋಯಿಂಗ್ ಟು ಲೂಸ್, ಅಜ್ಜಿ. ಎಲ್ರೂ ಅವಳೇ ಮಾಡಿದ್ದು ಅಂತಾರೆ. ಟೀಚರ್ ಕೂಡ, ಬೆಂಕಿ ಅಂದ್ರೆ ಹ್ಯಾನಾ ಕೋಪ, ಅದೊಂದು ಸಿಂಬಲ್ ಅಂತ.’

‘ಕೋಪಕ್ಕೆಲ್ಲ ಹುಲ್ಲು ಹತ್ಕೊಳಂಗಿದ್ರೆ ನಮ್ಮೂರಲ್ಲಿ ಒಂದು ಮೆದೆನೂ ಉಳೀತಿರ್ಲಿಲ್ಲ. ಅದಿರ್ಲಿ, ಆ ಹುಲ್ಲು ಒಟ್ಟಿದಾಗ ಮಳೆ ಬಂದಿತ್ತಾ?’

‘ಮಳೆ? ಹೂ ಕೇರ್ಸ್ ಅಬೌಟ್ ಮಳೆ?’

‘ನೋಡು ಅಂದೆ.’

ಅವಳು ಪುಟ ಹಿಂದಕ್ಕೆ ತಿರುವುತ್ತ ಹೋದಳು. ನಾನು ಬೀನ್ಸ್ ಮುಗಿಸಿ, ಈರುಳ್ಳಿ ಹೆಚ್ಚಿ, ಅನ್ನಕ್ಕಿಟ್ಟೆ. ಆಗ ಅವಳ ದನಿ ಬಂತು, ಸಣ್ಣಗೆ. ಮಳೆ ಬಂದಿತ್ತು. ಹುಲ್ಲು ಪೂರಾ ಆರುವ ಮೊದಲೇ ಗೌಡ ಅವಸರ ಮಾಡಿ ಒಟ್ಟಿಸಿದ್ದ. ಹೊನ್ನಮ್ಮ ಬೇಡ ಅಂದದ್ದಕ್ಕೇ ಬೈಗುಳ. ಇನ್ನೊಂದು ಅಧ್ಯಾಯದಲ್ಲಿ, ಯಾರಿಗೂ ಬೇಡದ ಒಂದು ಸಾಲಿನಲ್ಲಿ, ಹೊಲದ ಕಡೆಯಿಂದ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು ಎಂದಿತ್ತು. ಒದ್ದೆ ಹುಲ್ಲನ್ನು ಒತ್ತಿ ಒಟ್ಟಿದರೆ ಅದು ಒಳಗೊಳಗೇ ಬೇಯುತ್ತದೆ, ಬೆಲ್ಲ ಸೀದ ವಾಸನೆ ಬರುತ್ತದೆ, ಕೊನೆಗೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಹುಲ್ಲು ಗೊತ್ತಿದ್ದವರಿಗಾಗಿ ಹುಲ್ಲಿನಮ್ಮ ಅಷ್ಟನ್ನೂ ಬರೆದಿಟ್ಟು ಸುಮ್ಮನೆ ಕೂತಿದ್ದಳು. ನೂರು ವರ್ಷ ಕಳೆದು, ಇಷ್ಟು ದೂರದಲ್ಲಿ, ಅವಳ ಮಾತು ನನ್ನ ಕೈಗೆ ಬಂದಿತ್ತು.

‘ಅಜ್ಜಿ, ನಿಂಗೆ ಹೇಗೆ ಗೊತ್ತು?’ ಎಂದು ವೀಣಾ ಕೇಳಿದಳು. ಆಗ ನಾನು ಹುಟ್ಟಿದ ಮನೆಯ ಕಥೆ ಹೇಳಿದೆ. ಆ ಮನೆಯಲ್ಲಿ ಹದಿನೇಳು ಜನ ಉಣ್ಣುತ್ತಿದ್ದೆವು. ತಾತನಿಗೆ ಜಗುಲಿ, ಗಂಡಸರಿಗೆ ಪಡಸಾಲೆ, ಹೆಂಗಸರಿಗೆ ಹೊಗೆ ತುಂಬಿದ ಅಡುಗೆಮನೆ. ನನ್ನ ಅವ್ವ ತಾತನ ಎದುರು ಬಾಯಿ ತೆರೆದವಳಲ್ಲ. ‘ಊಟಕ್ಕೆ ಬನ್ನಿ’ ಅನ್ನುವುದನ್ನೂ ನನ್ನ ಕೈಲಿ ಹೇಳಿಸುತ್ತಿದ್ದಳು. ನಾನು ಅಡುಗೆಮನೆಗೂ ಜಗುಲಿಗೂ ಓಡಾಡುವ ಅವಳ ಬಾಯಿ. ಅಪ್ಪನ ತಂಗಿ ಸಾಕತ್ತೆ ಗಂಡನ ಏಟು ತಡೆಯಲಾರದೆ ಬಂದು ಸೇರಿಕೊಂಡಿದ್ದಳು. ರಾತ್ರಿ ನನಗೆ ತಲೆ ಸವರುತ್ತಿದ್ದ ಕೈ ಅವಳದು. ತಾತನಿಗೆ ಅವಳನ್ನು ವಾಪಸು ಕಳಿಸುವ ಯೋಚನೆ. ಒಂದು ಬೆಳಿಗ್ಗೆ ಅಂಗಳದಲ್ಲಿ ಇಬ್ಬರಿಗೂ ದೊಡ್ಡ ಮಾತಾಯಿತು. ಸಾಕತ್ತೆ ಸಂಕಟ ತಾಳದೆ, ‘ಈ ಮನೆಗೆ ಬೆಂಕಿ ಬೀಳ’ ಅಂದುಬಿಟ್ಟಳು. ಮೂರನೇ ದಿನ ಮಟಮಟ ಮಧ್ಯಾಹ್ನ ಕಣದಲ್ಲಿದ್ದ ಎರಡು ಮೆದೆಗಳಲ್ಲಿ ಒಂದು ಹತ್ತಿಕೊಂಡಿತು. ನೀರು ಎರಚಿ ಎರಚಿ ಸೋತು ನಿಂತ ಜನ ಎಲ್ಲರೂ ತಿರುಗಿ ಒಬ್ಬಳನ್ನೇ ನೋಡಿದರು. ತಾತ ಗಾಡಿ ಕಟ್ಟಿಸಿದ. ಸಾಕತ್ತೆಯನ್ನು ಇವತ್ತೇ ಗಂಡನ ಮನೆಗೆ ಬಿಟ್ಟುಬರಬೇಕು ಅಂದ.

ಆಗ ಅವ್ವ ಕೊಟ್ಟಿಗೆಯಿಂದ ಹಾರೆ ತಂದಳು. ಅದು ಅವಳ ಎತ್ತರಕ್ಕೇ ಇತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು ನಡೆದುಹೋಗಿ, ಉಳಿದಿದ್ದ ಇನ್ನೊಂದು ಮೆದೆಯ ಹೊಟ್ಟೆಗೆ ಅದನ್ನು ಪೂರಾ ಇಳಿಸಿದಳು. ಎರಡೂ ಮೆದೆ ಒಂದೇ ದಿನ ಒಟ್ಟಿದ್ದು, ಅಕಾಲದ ಮಳೆ ಬಿದ್ದ ಮಾರನೆಯ ದಿನ. ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಗಾಡಿಯ ಎತ್ತು ಕೊರಳ ಗಂಟೆ ಆಡಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಹಾರೆ ಎಳೆದು, ತುದಿಗೆ ಕೈ ತಾಕದ ಹಾಗೆ ಹಿಡಿದು ತಾತನ ಮುಂದೆ ತಂದು ನಿಂತಳು. ಮಾತು ಮಾತ್ರ ನನ್ನೊಡನೆ.

‘ಮಗ, ನಿಮ್ಮ ತಾತಂಗೆ ಇದನ್ನ ಮುಟ್ಟಿ ನೋಡಕ್ಕೇಳು.’

ನಾನು ಏಳು ವರ್ಷದವಳು. ‘ತಾತ, ಮುಟ್ಟಿ ನೋಡ್ಬೇಕಂತೆ’ ಅಂದೆ. ತಾತ ಮುಟ್ಟಿದ. ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಹೋಗಿ ತಾನೇ ಗಾಡಿಯ ಎತ್ತು ಬಿಚ್ಚಿದ. ಗಂಡಸರು ನೀರಿನ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಎರಡನೇ ಮೆದೆ ಬಿಚ್ಚಿದರು, ಒಳಗೆಲ್ಲ ಕರಿ. ಸಾಕತ್ತೆ ಸಾಯುವ ತನಕ ಆ ಮನೆಯಲ್ಲೇ ಇದ್ದಳು. ಆ ರಾತ್ರಿ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ‘ಊಟಕ್ಕೆ ಬನ್ನಿ ಮಾವ’ ಎಂದು ತಾನೇ ಕರೆದಳು. ನನ್ನ ಕೆಲಸ ಹೋಯಿತು.

ವೀಣಾ ಪುಸ್ತಕ ಮುಚ್ಚಿ ಕೂತಿದ್ದಳು. ಆ ಸಂಜೆ ಮಗಳಿಗೂ ನನಗೂ ಜಗಳವಾಯಿತು. ಸುಮಿತ್ರ ಆಸ್ಪತ್ರೆಯಿಂದ ಬಂದು, ನಿಂತುಕೊಂಡೇ ಚಪಾತಿ ತಿನ್ನುತ್ತಿದ್ದಳು.

‘ಅಮ್ಮ, ಅವಳ ಗ್ರೇಡ್ ಜೊತೆ ಆಟ ಆಡ್ಬೇಡ. ಟೀಚರ್ ಹೇಳಿಕೊಟ್ಟಿರೋದನ್ನೇ ಹೇಳ್ಲಿ. ಇದೇನು ಹುಲ್ಲು ತಾನಾಗಿ ಹೊತ್ಕೊಳ್ಳೋದು, ಕ್ಲಾಸ್‌ನಲ್ಲಿ ನಗ್ತಾರೆ ಅಷ್ಟೆ.’

‘ನೀನು ಮೈ ಮುಟ್ಟಿ ನೋಡ್ದೆ ಯಾರಿಗಾದ್ರೂ ಜ್ವರ ಇಲ್ಲ ಅಂತ ಬರಕೊಡ್ತೀಯಾ?’

‘ಹುಲ್ಲಿಗೂ ಜ್ವರಾನಾ?’

‘ಶನಿವಾರ ಬರ್ಲಿ. ತೋರಿಸ್ತೀನಿ.’

ಶನಿವಾರ ರಂಗನಾಥ್ ಮೆಷೀನು ತಳ್ಳಿ ಲಾನು ಕತ್ತರಿಸುವ ದಿನ. ಅಂದು ನೀರು ಬಿಟ್ಟು ಒದ್ದೆ ಮಾಡಿದ ಮೇಲೆ ಕತ್ತರಿಸಿ ಎಂದು ಕೇಳಿಕೊಂಡೆ. ಹಿಂದೆ ಮುಂದೆ ಎರಡೂ ಕಡೆಯ ಹುಲ್ಲನ್ನು ನಾನು, ವೀಣಾ ತಬ್ಬಿ ತಬ್ಬಿ ತಂದು ಬೇಲಿಯ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಒಟ್ಟಿ ತುಳಿದೆವು. ‘ಅತ್ತೆ, ಇದು ಹೊತ್ಕೊಂಡ್ರೆ ಇನ್ಶೂರೆನ್ಸ್‌ನೋರಿಗೆ ಏನಂತ ಹೇಳ್ಲಿ?’ ಅಂದರು ರಂಗನಾಥ್. ‘ಕೋಪ ಬಂದಿತ್ತು ಅಂತ ಹೇಳಿ’ ಅಂದೆ. ಭಾನುವಾರ ಬೆಚ್ಚಗಾಯಿತು. ಸೋಮವಾರ ಬೆಂಕಿಗೂಡಿನ ಸರಳು ಚುಚ್ಚಿ ತೆಗೆದು ಸುಮಿತ್ರಳ ಕೈಗೆ ಮುಟ್ಟಿಸಿದೆ. ಅವಳು ಇನ್ನೊಂದು ಸಲ ಮುಟ್ಟಿದಳು. ಮಂಗಳವಾರ ಒಳಗೆ ಕೈಯಿಟ್ಟ ವೀಣಾ ಹತ್ತು ಎಣಿಸುವಷ್ಟು ಹೊತ್ತೂ ಇಡಲಾರದೆ ತೆಗೆದಳು. ಬುಧವಾರ ಕೋರ್ಟು. ಪಿಕ್‌ನಿಕ್ಕಿಗೆ ಐಸು ತುಂಬುವ ದಪ್ಪ ಡಬ್ಬದಲ್ಲಿ ಆ ಬಿಸಿ ಹುಲ್ಲನ್ನೇ ತುಂಬಿಕೊಂಡು ಹೋಗಿ, ಒಬ್ಬೊಬ್ಬರ ಕೈಯನ್ನೂ ಅದರೊಳಗೆ ಇಡಿಸುವುದು ಅವಳ ಯೋಚನೆ. ಅವಳ ಕೇಸಿಗೆಲ್ಲ ಅದೊಂದೇ ಆಧಾರ.

ಬುಧವಾರ ಬೆಳಿಗ್ಗೆ ಆ ಆಧಾರವನ್ನು ನಾನೇ ಹಾಳು ಮಾಡಿದೆ. ತುಳಸಿಗೆ ನೀರು ಹಾಕಲು ಹಿತ್ತಿಲಿಗೆ ಹೋದವಳು, ಚಳಿಗೆ ಆ ಮೆದೆಯಿಂದ ಸಣ್ಣಗೆ ಹಬೆ ಏಳುವುದನ್ನು ಕಂಡೆ. ಅದೇ ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ನನಗೆ ನೆನಪು. ತಂಬಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಹುಲ್ಲು ಗೋರುವ ರೇಕು ತೆಗೆದುಕೊಂಡು ಮೆದೆಯನ್ನು ಎಳೆದೆಳೆದು ಸಿಮೆಂಟು ನೆಲದ ತುಂಬ ತೆಳ್ಳಗೆ ಹರವಿಬಿಟ್ಟೆ. ಕೊನೆಯ ಹಿಡಿ ಹರವಿ ಸೊಂಟ ನೆಟ್ಟಗೆ ಮಾಡಿದಾಗ ಗಾಜಿನ ಬಾಗಿಲಲ್ಲಿ ವೀಣಾ ಆ ಐಸಿನ ಡಬ್ಬ ಹಿಡಿದು ನಿಂತಿದ್ದಳು.

‘ಅಜ್ಜಿ. ವಾಟ್ ಡಿಡ್ ಯೂ ಡೂ?’

ನನಗೆ ಆಗ ಬುದ್ಧಿ ಬಂತು. ಹುಲ್ಲು ಮುಟ್ಟಿ ನೋಡಿದೆ. ತಣ್ಣಗಾಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು.

‘ಯಾಕೆ ಮಾಡ್ದೆ? ಐ ನೀಡೆಡ್ ದಟ್.’

‘ಗೊತ್ತು ಕಣವ್ವ. ಬೇಕಂತ ಮಾಡ್ಲಿಲ್ಲ. ಬಿಸಿಯಾದ ಮೆದೆ ಕಂಡ್ರೆ ಕೈ ಸುಮ್ಕಿರಲ್ಲ. ಹುಲ್ಲು ಉಳಿಸ್ಬೇಕು ಅಂತ ತಾನೇ ಬಿಚ್ಚಾಕ್ತದೆ.’

ಅವಳು ಅಳುವುದನ್ನು ನಿಲ್ಲಿಸಿದಳು. ನನ್ನನ್ನೇ ನೋಡಿದಳು, ರೇಕನ್ನು ನೋಡಿದಳು. ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟಳು.

‘ಹ್ಯಾನಾ,’ ಅಂದಳು. ‘ಅಜ್ಜಿ, ಹ್ಯಾನಾ ಕೂಡ ಅದೇ ಮಾಡ್ತಿದ್ಲು. ಹುಲ್ಲು ಎಳೀತಿದ್ಲು. ಬೆಂಕಿ ಹಾಕೋಕಲ್ಲ. ಉಳಿಸೋಕೆ.’

ನಡುವೆ ಇಂಗ್ಲಿಷು ಬೆರೆಸದೆ ಅವಳು ಒಂದೇ ಸಮನೆ ಅಷ್ಟು ಕನ್ನಡ ಆಡಿದ್ದು ಅದೇ ಮೊದಲು. ಕೆಲಸ ಬಿಡಿಸಿದ ಮೇಲೂ, ಬೈಸಿಕೊಂಡ ಮೇಲೂ, ಆ ಹೊನ್ನಮ್ಮ ಮೆದೆಯ ವಾಸನೆ ತಡೆಯಲಾರದೆ ಎದ್ದು ಬಂದಿದ್ದಳು. ವಾಸನೆ ಬಂದ ಕೂಡಲೇ ನಾನು ರೇಕಿಗೆ ಕೈ ಹಾಕಿದ ಹಾಗೆ. ಕುರುಬ ಕಂಡದ್ದು ಅದನ್ನೇ. ಹೊನ್ನಮ್ಮನ ವಿರುದ್ಧ ಇದ್ದ ದೊಡ್ಡ ಸಾಕ್ಷಿಯೇ ಮಗುಚಿ ಅವಳ ಕಡೆಗೆ ಬಂತು. ವೀಣಾ ನನ್ನ ಕೈ ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು.

‘ಸೀರೆ ಬದಲಾಯಿಸ್ಕೋ. ನೀನು ಬರ್ಬೇಕು. ಯೂ ಆರ್ ಮೈ ವಿಟ್‌ನೆಸ್.’

‘ಗೇಟಿನ ಒಳಕ್ಕಾ?’

ಅವಳ ಕಿವಿ ಕೆಂಪಾಯಿತು. ‘ಒಳಕ್ಕೆ,’ ಅಂದಳು.

ಸುಮಿತ್ರ ನಮ್ಮನ್ನು ಬಿಟ್ಟು ಡ್ಯೂಟಿಗೆ ಹೋಗುವವಳು, ಹೋಗದೆ ಕ್ಲಾಸಿನ ಹಿಂದೆ ಬಂದು ನಿಂತಳು. ನಾನು ನೀಲಿ ರೇಷ್ಮೆ ಸೀರೆ ಉಟ್ಟಿದ್ದೆ, ಮೇಲೆ ಸ್ವೆಟರ್ ಇಲ್ಲ. ಟೀಚರಮ್ಮ ಎದ್ದು ಬಂದು ಕೈ ಕುಲುಕಿ ಕುರ್ಚಿ ಹಾಕಿಸಿದರು. ಮೂವತ್ತು ಹುಡುಗ ಹುಡುಗಿಯರು, ಅದರಲ್ಲಿ ಹನ್ನೆರಡು ಜನ ತೀರ್ಪು ಕೊಡುವವರು. ವೀಣಾ ನನ್ನ ಪಕ್ಕ ನಿಂತು, ನಾನು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕು. ಮೊದಲು ಹೆಸರು ಕೇಳಿದಳು. ‘ನಿಂಗೊತ್ತಿಲ್ವೇನೆ?’ ಅಂದೆ. ಅವಳು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಲ್ಲಿಂದ ನನ್ನ ಭಯ ಹೋಯಿತು. ಮಳೆ, ಹುಲ್ಲು, ಹಾರೆ, ತಾತನ ಕೈ, ಬೆಳಿಗ್ಗೆ ನಾನು ಮಾಡಿದ ಎಡವಟ್ಟು, ಎಲ್ಲ ಹೇಳಿದೆ. ಸುಟ್ಟ ಸಕ್ಕರೆಯ ವಾಸನೆಯ ಆ ಸಾಲನ್ನು ವೀಣಾ ಓದಿದಳು. ಪುಸ್ತಕ ತಿರುವುವ ಸದ್ದು ಕೋಣೆಯ ತುಂಬ ಆಯಿತು. ಎದುರು ಪಕ್ಷದ ವಕೀಲ ಕೆಂಗೂದಲಿನ ಎತ್ತರದ ಹುಡುಗ. ನೀವು ಈ ಕಾದಂಬರಿ ಓದಿದ್ದೀರಾ ಎಂದು ಕೇಳಿದ.

‘ಓದಿಲ್ಲಪ್ಪ, ಕೇಳಿದ್ದೀನಿ.’

ಎಷ್ಟರವರೆಗೆ ಓದಿದ್ದೀರಿ?

‘ನಾಲ್ಕನೇ ಕ್ಲಾಸು. ಅದ್ರಲ್ಲೂ ಬಿತ್ತನೆ ಕಾಲದಲ್ಲಿ ಹೋಗ್ತಿರ್ಲಿಲ್ಲ.’

ಆಮೇಲೆ ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಜಾಣ ಹುಡುಗ. ಎರಡು ವಾರ ಸುಮ್ಮನಿದ್ದ ಮೆದೆ, ಅವಳು ಬಂದು ಮುಟ್ಟಿದ ಬೆಳಿಗ್ಗೆಯೇ ಯಾಕೆ ಹತ್ತಿಕೊಂಡಿತು? ನನಗೆ ಉತ್ತರ ಗೊತ್ತಿತ್ತು. ಹೇಳಿದರೆ ಹೊನ್ನಮ್ಮನಿಗೆ ಕೆಡುಕಾಗಬಹುದೆಂದೂ ಗೊತ್ತಿತ್ತು. ಆದರೆ ಹುಲ್ಲಿನ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

‘ಅವಳು ಬಿಚ್ಚಿದ್ದಕ್ಕೇ ಇರಬೋದು. ಒಳಗೆ ಕೆಂಡ ಆಗಿರೋ ಮೆದೆ ಬಿಚ್ಚಿದ್ರೆ ಗಾಳಿ ತಾಕಿ ಭಗ್ ಅಂತದೆ. ನಮ್ಮೂರಲ್ಲಿ ಪಕ್ಕದಲ್ಲಿ ನೀರು ಇಟ್ಕೊಂಡೇ ಬಿಚ್ಚೋದು, ಹತ್ತು ಜನ ಸೇರಿ. ಪಾಪ ಅವಳು ಒಬ್ಳೇ.’

ಅದನ್ನು ಇಂಗ್ಲಿಷಿಗೆ ಮಾಡಬೇಕಾದವಳು ವೀಣಾ. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ಅವಳಿಗೆ, ನನಗೆ, ಹಿಂದೆ ನಿಂತಿದ್ದ ಅವಳಮ್ಮನಿಗೆ. ಮೊದಲೆರಡು ಮಾತು ನುಂಗಿಕೊಂಡು ಉಳಿದದ್ದನ್ನು ಹೇಳಿದ್ದರೆ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೇಸು ಅವಳದಾಗುತ್ತಿತ್ತು. ನನ್ನ ಕಡೆ ಒಂದು ಸಲ ನೋಡಿದಳು. ‘ಮುಟ್ಟಿ ನೋಡ್ಬೇಕಂತೆ’ ಎಂದು ತಾತನಿಗೆ ಹೇಳುವಾಗ ನಾನು ನಿಂತಿದ್ದ ಜಾಗದಲ್ಲೇ ಈಗ ಅವಳು ನಿಂತಿದ್ದಳು. ಆಮೇಲೆ ಕತ್ತು ಎತ್ತಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ‘ಪಾಪ’ ಅನ್ನುವುದಕ್ಕೆ ಮಾತು ಸಿಗದೆ ‘ಪಾಪ’ ಎಂದೇ ಬಿಟ್ಟಳು. ಕೆಂಗೂದಲಿನ ಹುಡುಗ ತನ್ನ ಕಾಗದ ಮಡಿಸಿ ಕೂತುಕೊಂಡ.

ಹನ್ನೆರಡರಲ್ಲಿ ಹನ್ನೊಂದು ಕೈ ಹೊನ್ನಮ್ಮನ ಪರವಾಗಿ ಎದ್ದವು. ಹನ್ನೆರಡನೆಯವನು ಕೊನೆಯಲ್ಲಿ ತೂಕಡಿಸುತ್ತಿದ್ದನಂತೆ. ಟೀಚರಮ್ಮ, ಇಪ್ಪತ್ತು ವರ್ಷದಿಂದ ಈ ಪುಸ್ತಕ ಪಾಠ ಮಾಡುತ್ತಿದ್ದೇನೆ, ಇವತ್ತು ಮೊದಲ ಸಲ ಓದಿದ ಹಾಗಾಯಿತು ಅಂದರಂತೆ. ಈಗಲೇ ಹೇಳುತ್ತೇನೆ, ನನ್ನ ಹೆಮ್ಮೆ ಆ ಹನ್ನೊಂದು ಕೈಗೆ ಅಲ್ಲ. ಆ ‘ಪಾಪ’ಕ್ಕೆ. ಬೇರೆಯವರ ಮಾತನ್ನು ಎತ್ತಿಕೊಂಡು ಹೋಗುವವಳು ದಾರಿಯಲ್ಲಿ ಒಂದು ತುಣುಕನ್ನೂ ಕೆಳಗೆ ಹಾಕಬಾರದು ಎಂದು ಯಾರೂ ಹೇಳಿಕೊಡದೆ ಅವಳು ಕಲಿತದ್ದಕ್ಕೆ. ಅವಳ ಮುಂದಿನ ಬದುಕೆಲ್ಲ ಅದೇ ಕೆಲಸವಾಯಿತು. ನನ್ನನ್ನು ಮನೆಗೆ ಬಿಡಲು ಬಂದ ಸುಮಿತ್ರ ಬಾಗಿಲ ಮುಂದೆ ಕಾರು ನಿಲ್ಲಿಸಿದಳು. ಆಮೇಲೆ ಕೇಳಿದಳು:

‘ಹಾರೆ ವಿಷಯ ನಂಗ್ಯಾಕಮ್ಮ ಹೇಳಿರ್ಲಿಲ್ಲ?’

‘ನೀನು ಕೇಳ್ಲಿಲ್ಲ. ಪರೀಕ್ಷೆಗೆ ಓದ್ತಿದ್ದೆ.’

‘ಈಗ ಕೇಳ್ತಿದೀನಿ. ಅಜ್ಜಿ ಅಷ್ಟೊಂದು ಗಟ್ಟಿಗಿತ್ತಿನಾ?’

‘ನೀನು ನಿಂತ್ಕೊಂಡು ಚಪಾತಿ ತಿಂತೀಯಲ್ಲ, ಹಂಗೇ ನಿಲ್ತಿದ್ಲು.’

ಮುಂದಿನ ವಾರವೂ ನಾನು ದಿನಾ ಆ ನೀಲಿ ಡಬ್ಬದ ಪಕ್ಕದಲ್ಲೇ ನಿಂತೆ. ನನ್ನನ್ನು ಯಾರೂ ಗೇಟಿಗೆ ಬಾ ಅಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಮಂಗಳವಾರ ವೀಣಾ ಬಂದಳು, ಒಬ್ಬಳೇ ಅಲ್ಲ. ಮೂವರು ಹುಡುಗಿಯರು ಜೊತೆಗಿದ್ದರು, ಹಿಂದೆ ಆ ಕೆಂಗೂದಲಿನ ವಕೀಲ. ‘ಅಜ್ಜಿ, ಇವರು ಕೈ ಇಟ್ಟು ನೋಡ್ಬೇಕಂತೆ’ ಅಂದಳು, ಅಷ್ಟು ಜನರ ಎದುರು, ಕನ್ನಡದಲ್ಲಿ. ಕೊಡೆ ಇಸಿದುಕೊಂಡಳು. ಮನೆಯಲ್ಲಿ ಹೊಸ ಮೆದೆ ತಯಾರಿತ್ತು. ಹಿಂದಿನ ಶನಿವಾರ ರಂಗನಾಥ್ ನಾನು ಹೇಳುವ ಮೊದಲೇ ಹುಲ್ಲಿಗೆ ನೀರು ಬಿಟ್ಟಿದ್ದರು. ಆ ಐದು ಮಕ್ಕಳು ಮುಂಬಾಗಿಲಿನಿಂದಲೇ ಬಂದರು. ಒಬ್ಬೊಬ್ಬರೇ ತೋಳು ಮಡಿಸಿ ಮೆದೆಯೊಳಗೆ ಕೈಯಿಟ್ಟರು, ಹೌಹಾರಿ ತೆಗೆದರು, ಮತ್ತೆ ಇಟ್ಟರು. ಎಲ್ಲರದೂ ಆದ ಮೇಲೆ, ಈಗ ಏನು ಮಾಡಬೇಕು ಎಂದು ಆ ಹುಡುಗ ವೀಣಾಳನ್ನು ಕೇಳಿದ. ವೀಣಾ ನನ್ನನ್ನು ಕೇಳಲಿಲ್ಲ. ಮೊದಲು ಪೈಪು ಎಳೆದು ತಂದು ನೀರು ಹಿಡಿದು ನಿಲ್ಲಲು ಒಬ್ಬಳಿಗೆ ಹೇಳಿದಳು. ಉಳಿದವರೆಲ್ಲ ಬಗ್ಗಿ, ಕೈಯಿಂದಲೇ, ಬಿಸಿ ಹುಲ್ಲನ್ನು ಎಳೆದೆಳೆದು ಹಿತ್ತಿಲ ತುಂಬ ಹರವಿದರು. ನಾನು ಕಬ್ಬಿಣದ ಸರಳನ್ನು ಊರಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಹರವಿ ಮುಗಿದ ಮೇಲೆ, ಯಾರ ಕೈಲೂ ಹೇಳಿಸದೆ ನಾನೇ ಕರೆದೆ:

‘ಬನ್ನಿ ಮಕ್ಕಳೇ, ಊಟಕ್ಕೆ.’